ಯಾವ ಫೈಲ್ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಲಿಲ್ಲ: ಮೂರು ವರ್ಷ ರೈಲ್ಸ್ ಬಳಸಿದ ಮೇಲೆ

ಮೂರು ವರ್ಷದಿಂದ ಒಂದು ಲೈಬ್ರರಿ ಆ್ಯಪ್ ನೋಡಿಕೊಳ್ಳುತ್ತಿದ್ದೇನೆ. ಬರೆದವರು ಬೇರೆಯವರು. ನನ್ನ ಕೈಗೆ ಬರುವಷ್ಟರಲ್ಲಿ ಅವರೆಲ್ಲ ಬೇರೆ ಕೆಲಸಗಳಿಗೆ ಹೋಗಿಬಿಟ್ಟಿದ್ದರು. ಆದರೂ ಮೊದಲ ದಿನವೇ ಒಂದು ಬಗ್ ಸರಿಮಾಡಿದೆ. ಅದಕ್ಕೆ ರೂಬಿ ಆನ್ ರೈಲ್ಸ್‌ಗೆ, ಅಂದರೆ ರೂಬಿ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟಲು ಸಿದ್ಧ ಚೌಕಟ್ಟು ಕೊಡುವ ಫ್ರೇಮ್‌ವರ್ಕ್‌ಗೆ, ನಾನು ಋಣಿ.

ಸದಸ್ಯರ ಪುಟದಲ್ಲಿ ತಾರೀಕು ತಪ್ಪಾಗಿ ಕಾಣುತ್ತಿತ್ತು. ಬ್ರೌಸರ್ ವಿಳಾಸದಲ್ಲಿ ‘ಮೆಂಬರ್ಸ್/42’ ಅಂತಿತ್ತು. ನನಗೆ ಅಷ್ಟೇ ಸಾಕಾಯಿತು. ಆ ವಿಳಾಸ ಮೆಂಬರ್ಸ್ ಕಂಟ್ರೋಲರ್‌ನ ‘ಶೋ’ ಆ್ಯಕ್ಷನ್‌ಗೆ ಹೋಗುತ್ತದೆ. ಬ್ರೌಸರ್ ಕೇಳಿದ್ದಕ್ಕೆ ಉತ್ತರ ಕೊಡುವ ಕೋಡ್ ಕಂಟ್ರೋಲರ್, ಅದರೊಳಗಿನ ಒಂದೊಂದು ಕೆಲಸ ಆ್ಯಕ್ಷನ್. ಪುಟ ಹೇಗೆ ಕಾಣಬೇಕು ಅಂತ ಬರೆದಿಡುವ ವ್ಯೂಸ್ ಫೋಲ್ಡರ್‌ನಲ್ಲಿ ‘ಮೆಂಬರ್ಸ್’ ತೆರೆದರೆ ಒಳಗೆ ‘ಶೋ’ ಅನ್ನುವ ಫೈಲ್ ಇರುತ್ತದೆ. 2004ರಲ್ಲಿ ಡೇವಿಡ್ ಹೈನ್‌ಮೈಯರ್ ಹ್ಯಾನ್ಸನ್ ರೈಲ್ಸ್ ಅನ್ನು ಹೊರಗೆ ಬಿಟ್ಟ ಕಾಲದಿಂದಲೂ ಹೆಸರಿನ ಈ ಕಟ್ಟುಪಾಡೇ ಅದರ ಜೀವಾಳ. ಹಿಂದೆ ಬೇರೊಂದು ಪ್ರಾಜೆಕ್ಟ್‌ನಲ್ಲಿ ಫೋಲ್ಡರ್ ಹೇಗಿರಬೇಕು ಅಂತಲೇ ನಾವು ವಾರಗಟ್ಟಲೆ ವಾದ ಮಾಡಿದ್ದೆವು. ಇಲ್ಲಿ ಆ ವಾದವೇ ಹುಟ್ಟುವುದಿಲ್ಲ.

ಆದರೆ ಫೈಲ್ ಎಲ್ಲಿರಬೇಕು ಅಂತ ಹೇಳುವ ರೈಲ್ಸ್, ಅದರೊಳಗೆ ಎಷ್ಟು ತುಂಬಬಹುದು ಅಂತ ಹೇಳುವುದಿಲ್ಲ. ನಮ್ಮ ಬುಕ್ಸ್ ಕಂಟ್ರೋಲರ್ 870 ಸಾಲು ಇತ್ತು. 26 ಆ್ಯಕ್ಷನ್. ಪುಸ್ತಕ ಕೊಡುವುದು, ವಾಪಸ್ ಪಡೆಯುವುದು, ಅವಧಿ ಹೆಚ್ಚಿಸುವುದು, ಕಾಯ್ದಿರಿಸುವುದು, ಕಳೆದಿದೆ ಅಂತ ಗುರುತು ಹಾಕುವುದು, ಬಾರ್‌ಕೋಡ್ ಪ್ರಿಂಟ್ ಮಾಡುವುದು, ಎಲ್ಲ ಅಲ್ಲೇ. ಮೇಲುಗಡೆ ಹನ್ನೆರಡು ‘ಬಿಫೋರ್ ಆ್ಯಕ್ಷನ್’, ಅಂದರೆ ಆ್ಯಕ್ಷನ್‌ಗೆ ಮೊದಲು ಓಡುವ ಕೋಡ್. ಒಂದಕ್ಕೆ ‘ಇವಕ್ಕೆ ಮಾತ್ರ’, ಇನ್ನೊಂದಕ್ಕೆ ‘ಇವನ್ನು ಬಿಟ್ಟು’. ಹೊಸ ಆ್ಯಕ್ಷನ್ ಸೇರಿಸಿದರೆ ಲಾಗಿನ್ ಚೆಕ್ ಅದಕ್ಕೂ ತಗಲುತ್ತದಾ ಇಲ್ವಾ ಅಂತ ಪ್ರತಿ ಸಲ ಬೆರಳಿಟ್ಟು ಎಣಿಸುತ್ತಿದ್ದೆ.

ದಾರಿ ರೈಲ್ಸ್‌ನಲ್ಲೇ ಇತ್ತು. ಅದು ಪ್ರತಿ ರಿಸೋರ್ಸ್‌ಗೆ (ಪುಸ್ತಕ, ಸದಸ್ಯ ಇಂಥ ಒಂದೊಂದಕ್ಕೆ) ಏಳೇ ಆ್ಯಕ್ಷನ್ ಕೊಡುತ್ತದೆ: ಇಂಡೆಕ್ಸ್, ಶೋ, ನ್ಯೂ, ಕ್ರಿಯೇಟ್, ಎಡಿಟ್, ಅಪ್‌ಡೇಟ್, ಡಿಸ್ಟ್ರಾಯ್. ಎಂಟನೆಯದು ಬೇಕು ಅನ್ನಿಸಿದರೆ, ಅಲ್ಲಿ ಇನ್ನೊಂದು ಕಂಟ್ರೋಲರ್ ಅಡಗಿ ಕೂತಿದೆ ಅಂತ ಅರ್ಥ. ‘ರಿನ್ಯೂ’ ಅನ್ನುವ ಆ್ಯಕ್ಷನ್ ತೆಗೆದೆ. ‘ರಿನ್ಯೂವಲ್ಸ್’ ಅನ್ನುವ ಕಂಟ್ರೋಲರ್ ಮಾಡಿ ಅದರಲ್ಲಿ ‘ಕ್ರಿಯೇಟ್’ ಒಂದನ್ನೇ ಇಟ್ಟೆ. ಕಾಯ್ದಿರಿಸುವುದು ‘ರಿಸರ್ವೇಶನ್ಸ್’ನ ಕ್ರಿಯೇಟ್ ಆಯಿತು, ರದ್ದು ಮಾಡುವುದು ಅದರ ಡಿಸ್ಟ್ರಾಯ್. ಕಂಟ್ರೋಲರ್ ಇದ್ದ ಮಾತ್ರಕ್ಕೆ ಡೇಟಾಬೇಸ್‌ನಲ್ಲಿ ಅದೇ ಹೆಸರಿನ ಟೇಬಲ್ ಇರಬೇಕಾಗಿಲ್ಲ. ಈ ಮಾತು ನನ್ನ ತಲೆಗೆ ಹೋಗಲು ತುಂಬ ದಿನ ಹಿಡಿಯಿತು. ಸಿಬ್ಬಂದಿ ಕೆಲಸಗಳನ್ನೆಲ್ಲ ‘ಅಡ್ಮಿನ್’ ನೇಮ್‌ಸ್ಪೇಸ್‌ಗೆ (ಒಂದೇ ಹೆಸರಿನಡಿ ಸೇರಿಸುವ ಗುಂಪು) ಹಾಕಿ, ಅವಕ್ಕೆಲ್ಲ ಮೇಲೊಂದು ತಾಯಿ ಕಂಟ್ರೋಲರ್ ಕೊಟ್ಟೆ. ಲಾಗಿನ್ ಚೆಕ್ ಅಲ್ಲಿ ಒಂದೇ ಸಲ. ಈಗ ಒಂಬತ್ತು ಕಂಟ್ರೋಲರ್ ಇವೆ, ದೊಡ್ಡದು 90 ಸಾಲು. ಹಂಚಿಕೊಂಡು ಬಳಸುವ ಕೋಡ್ ಇಡುವ ‘ಕನ್ಸರ್ನ್ಸ್’ ಫೋಲ್ಡರ್‌ಗೆ ಕೋಡ್ ಎತ್ತಿಹಾಕುವ ದಾರಿಯೂ ಇದೆ. ಅದನ್ನೂ ಮಾಡಿ ನೋಡಿದೆ. ಸಾಲುಗಳು ಕಣ್ಣಿಂದ ಮರೆಯಾದವು, ಗೋಜಲು ಹಾಗೇ ಉಳಿಯಿತು.

ವ್ಯೂ ಕಡೆ ನನ್ನನ್ನು ಜಾಸ್ತಿ ಕಾಡಿದ್ದು ಪಾರ್ಷಿಯಲ್‌ಗಳು, ಅಂದರೆ ಬೇರೆ ಬೇರೆ ಪುಟಗಳಲ್ಲಿ ಮತ್ತೆ ಮತ್ತೆ ಬಳಸುವ ವ್ಯೂ ತುಂಡುಗಳು. ಪುಸ್ತಕದ ಕಾರ್ಡ್ ತೋರಿಸುವ ಒಂದು ಪಾರ್ಷಿಯಲ್ ಆರು ಕಡೆ ಬಳಕೆಯಲ್ಲಿತ್ತು. ಅದರೊಳಗೆ ಯಾರೋ ಸುಮ್ನೆ ಕಂಟ್ರೋಲರ್‌ನ ‘@ಮೆಂಬರ್’ ಬಳಸಿದ್ದರು. ಹುಡುಕಾಟದ ಪುಟದ ಕಂಟ್ರೋಲರ್ ಅದನ್ನು ತುಂಬುತ್ತಲೇ ಇರಲಿಲ್ಲ. ಹೀಗೆ ‘@’ನಿಂದ ಶುರುವಾಗುವ ಇನ್‌ಸ್ಟೆನ್ಸ್ ವೇರಿಯಬಲ್ ಅನ್ನು ತುಂಬದೆ ಕೇಳಿದರೆ ರೂಬಿ ಎರರ್ ಕೊಡುವುದಿಲ್ಲ, ಸದ್ದಿಲ್ಲದೆ ‘ನಿಲ್’ (ಏನೂ ಇಲ್ಲ) ಕೊಡುತ್ತದೆ. ಹಾಗಾಗಿ ‘ಇದು ನಿಮ್ಮ ಬಳಿ ಇದೆ’ ಅನ್ನುವ ಗುರುತು ಆ ಪುಟದಲ್ಲಿ ತಿಂಗಳುಗಟ್ಟಲೆ ಕಾಣಲೇ ಇಲ್ಲ. ಯಾವ ಲಾಗ್‌ನಲ್ಲೂ ಸುಳಿವಿಲ್ಲ. ಒಬ್ಬ ಓದುಗರು ಬಂದು ಕೇಳಿದಾಗಲೇ ಗೊತ್ತಾಗಿದ್ದು.

ಆಮೇಲೆ ಒಂದು ನಿಯಮ ಮಾಡಿಕೊಂಡೆ: ಪಾರ್ಷಿಯಲ್‌ಗೆ ಬೇಕಾದ್ದನ್ನೆಲ್ಲ ಕರೆಯುವಾಗಲೇ ಕೈಗೆ ಕೊಡಬೇಕು. 2023ರಲ್ಲಿ ಬಂದ ರೈಲ್ಸ್ 7.1 ಆವೃತ್ತಿ ಇದಕ್ಕೆ ಒಳ್ಳೆಯ ಆಸರೆ ಕೊಟ್ಟಿದೆ. ಪಾರ್ಷಿಯಲ್ ಒಳಗೇ ಒಂದು ಕಾಮೆಂಟ್ ಸಾಲಿನಲ್ಲಿ ‘ನನಗೆ ಬುಕ್, ಮೆಂಬರ್ ಎರಡೂ ಬೇಕು’ ಅಂತ ಬರೆಯಬಹುದು. ಕೊಡದೆ ಕರೆದರೆ ತಕ್ಷಣ ಎರರ್. ‘@’ ವೇರಿಯಬಲ್ ಬಳಸುವುದನ್ನು ಇದೂ ತಡೆಯುವುದಿಲ್ಲ, ಆ ಶಿಸ್ತು ನಮ್ಮದೇ. ಆದರೂ ಈ ಒಂದು ಸೌಲಭ್ಯಕ್ಕಾಗಿಯೇ ಹಳೆಯ ಆವೃತ್ತಿಯಿಂದ ಮೇಲೆ ಬನ್ನಿ ಅಂತ ಹೇಳುತ್ತೇನೆ.

ಇನ್ನೊಂದು ಇಷ್ಟವಾದದ್ದು: ವ್ಯೂ ಹುಡುಕುವ ಕ್ರಮ. ಪಾರ್ಷಿಯಲ್ ಕಂಟ್ರೋಲರ್‌ನ ಸ್ವಂತ ಫೋಲ್ಡರ್‌ನಲ್ಲಿ ಸಿಗದಿದ್ದರೆ, ರೈಲ್ಸ್ ತಾಯಿ ಕಂಟ್ರೋಲರ್‌ನ ಫೋಲ್ಡರ್‌ನಲ್ಲಿ ನೋಡುತ್ತದೆ. ‘ಏನೂ ಸಿಗಲಿಲ್ಲ’ ಅನ್ನುವ ಸಂದೇಶವನ್ನು ‘ಅಪ್ಲಿಕೇಶನ್’ ಫೋಲ್ಡರ್‌ನಲ್ಲಿ ಒಮ್ಮೆ ಇಟ್ಟೆ. ಬೇರೆ ಮಾತು ಬೇಕಾದ ಕಡೆ ಮಾತ್ರ ಆ ಫೋಲ್ಡರ್‌ನಲ್ಲಿ ಇನ್ನೊಂದು.

ನನಗೆ ಒಪ್ಪಿಗೆಯಾಗದ್ದು ಹೆಲ್ಪರ್‌ಗಳ, ಅಂದರೆ ವ್ಯೂಗಳಿಗೆ ನೆರವಾಗುವ ಸಣ್ಣ ಮೆಥಡ್‌ಗಳನ್ನು ಇಡುವ ಫೈಲ್‌ಗಳ, ವಿಷಯ. ಬುಕ್ಸ್ ಹೆಲ್ಪರ್, ಮೆಂಬರ್ಸ್ ಹೆಲ್ಪರ್ ಅಂತ ಬೇರೆ ಬೇರೆ ಫೈಲ್ ನೋಡಿದರೆ ಯಾರಾದರೂ ಏನಂದುಕೊಳ್ಳುತ್ತಾರೆ? ಅದರ ವ್ಯೂಗೆ ಅದು ಅಂತ ಅಲ್ವಾ? ಹಾಗಿಲ್ಲ. ಮಾಮೂಲಾಗಿ ಎಲ್ಲ ಹೆಲ್ಪರ್‌ಗಳೂ ಎಲ್ಲ ವ್ಯೂಗಳಿಗೂ ಸಿಗುತ್ತವೆ. ಎರಡು ಫೈಲ್‌ನಲ್ಲಿ ಒಂದೇ ಹೆಸರಿನ ಮೆಥಡ್ ಇದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ. ಹೆಸರನ್ನು ಇಷ್ಟು ನಂಬುವ ಫ್ರೇಮ್‌ವರ್ಕ್‌ನಲ್ಲಿ ಇದು ಹೀಗಿರಬಾರದಿತ್ತು. ‘ಇನ್‌ಕ್ಲೂಡ್ ಆಲ್ ಹೆಲ್ಪರ್ಸ್’ ಅನ್ನುವ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಸರಿಹೋಗುತ್ತದೆ. ಹೊಸದಾಗಿ ಶುರು ಮಾಡುವವರು ಮೊದಲ ದಿನವೇ ಮಾಡಿಬಿಡಿ. ಹಳೆಯ ಆ್ಯಪ್‌ನಲ್ಲಿ ಮಾಡಲು ಹೋದ ನನಗೆ 31 ವ್ಯೂಗಳನ್ನು ತಿದ್ದಬೇಕಾಯಿತು.