‘ಡೆಲಿವರ್ಡ್’ ಅಂತ ಬಂತು, ಪಾರ್ಸಲ್ ಮಾತ್ರ ಬರಲಿಲ್ಲ

ಆನ್‌ಲೈನ್‌ನಲ್ಲಿ ಸಾಮಾನು ಮಾರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಒಂದು ಪಾರ್ಸಲ್ ಹೋಯಿತು, ಅದರ ದುಡ್ಡೂ ಹೋಯಿತು. ಬುಕಿಂಗ್ ಮಾಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಎರಡೂ ಉಳಿಯುತ್ತಿದ್ದವು.

ನಾನು ಹಳೆಯ ಕ್ಯಾಮೆರಾ, ಲೆನ್ಸ್‌ಗಳನ್ನು ಸರಿಮಾಡಿ ಮಾರುತ್ತೇನೆ. ಈ ಸಲ ಕಳಿಸಿದ್ದು 50 ಎಂಎಂ ಲೆನ್ಸ್. ಒಳಗಿನ ಗಾಜಿಗೆ ಬೂಷ್ಟು ಹಿಡಿದಿತ್ತು. ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸೋಕೆ ಎರಡು ದಿನ ಹಿಡಿದಿತ್ತು. ಮಾಮೂಲಿ ಕೊರಿಯರ್ ಬಿಟ್ಟು ಹೊಸದೊಂದನ್ನು ಆರಿಸಿದೆ. ಖರ್ಚು ಕಮ್ಮಿ, ಮನೆಗೇ ಬಂದು ತೆಗೆದುಕೊಂಡು ಹೋಗುತ್ತಾರೆ, ಮೇಲಾಗಿ ‘ಡೆಲಿವರಿ ಪ್ರೂಫ್ ಸಮೇತ’ ಅಂತ ಬರೆದಿದ್ದರು. ಎಂಥ ಪ್ರೂಫ್ ಅಂತ ನಾನು ಕೇಳಲಿಲ್ಲ.

ನಾಲ್ಕನೇ ದಿನ ‘ಡೆಲಿವರ್ಡ್’ ಅಂತ ಮೆಸೇಜ್ ಬಂತು. ಮರುದಿನ ಬೆಳಿಗ್ಗೆ ಕೊಂಡವರ ಮೆಸೇಜ್: “ಸರ್, ಪಾರ್ಸಲ್ ಇನ್ನೂ ಬಂದಿಲ್ಲ.” ನಾನು ಟ್ರ್ಯಾಕಿಂಗ್‌ನ ಸ್ಕ್ರೀನ್‌ಶಾಟ್ ಕಳಿಸಿ, “ಡೆಲಿವರಿ ಆಗಿದೆ ಮೇಡಂ, ಮನೆಯಲ್ಲಿ, ಅಕ್ಕಪಕ್ಕದಲ್ಲಿ ವಿಚಾರಿಸಿ” ಅಂದೆ. ಅವರು ವಿಚಾರಿಸಿದರು. ಸಿಗಲಿಲ್ಲ. ನಾನು ಮತ್ತೆ ಅದೇ ಮಾತು ಹೇಳಿದೆ, ಈ ಸಲ ಸ್ವಲ್ಪ ಗಡುಸಾಗಿಯೇ. ಹೀಗೆ ಮೂರು ದಿನ ಕಳೆದ ಮೇಲೆ ಅವರು ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟರು. ನನ್ನ ಪೇಮೆಂಟ್ ಕಂಪನಿ ಪುರಾವೆ ಕೇಳಿ ಗಡುವು ಕೊಟ್ಟಿತು.

ಕೊರಿಯರ್‌ನವರಿಗೆ ಫೋನ್ ಮಾಡಿದರೆ, “ಸಿಸ್ಟಮ್‌ನಲ್ಲಿ ಡೆಲಿವರ್ಡ್ ಅಂತ ಇದೆಯಲ್ಲ ಸರ್” ಅನ್ನುವ ಒಂದೇ ಉತ್ತರ. ಮೇಲ್ ಮೇಲೆ ಮೇಲ್ ಹಾಕಿದ ಮೇಲೆ ಪಿಒಡಿ, ಅಂದರೆ ಆ ಡೆಲಿವರಿ ಪ್ರೂಫ್, ಬಂತು. ಅದರಲ್ಲಿದ್ದಿದ್ದು ಒಂದು ಫೋಟೋ. ಬೂದು ಬಣ್ಣದ ಮೆಟ್ಟಿಲು, ಅದರ ಮೇಲೆ ನನ್ನ ಬಾಕ್ಸಿನ ಒಂದು ಮೂಲೆ. ನಾನು ಸುತ್ತಿದ ಟೇಪ್‌ನಿಂದ ಅದನ್ನು ಗುರುತು ಹಿಡಿದೆ. ಹಿಂದೆ ಕಂದು ಬಣ್ಣದ ಮರದ ಬಾಗಿಲಿನ ಕೆಳಭಾಗ. ಮನೆ ನಂಬರ್ ಇಲ್ಲ, ಬಾಕ್ಸ್ ಮೇಲಿನ ವಿಳಾಸದ ಚೀಟಿಯೂ ಕಾಣುವುದಿಲ್ಲ. ಸಹಿಯ ಜಾಗದಲ್ಲಿ ಬೆರಳಲ್ಲಿ ಎಳೆದ ಒಂದು ಸೊಟ್ಟ ಗೆರೆ. ತೆಗೆದುಕೊಂಡವರ ಹೆಸರು: ‘ಸೆಲ್ಫ್’.

ಆ ಫೋಟೋವನ್ನು ಮೇಡಂಗೆ ಕಳಿಸಿದೆ. ಐದು ನಿಮಿಷದಲ್ಲಿ ಅವರು ತಮ್ಮ ಬಾಗಿಲಿನ ಫೋಟೋ ಕಳಿಸಿದರು. ಕಬ್ಬಿಣದ ಗ್ರಿಲ್, ಬಿಳಿ ಟೈಲ್ಸ್, ಮೆಟ್ಟಿಲೇ ಇಲ್ಲ. ಹೊಟ್ಟೆಯಲ್ಲಿ ಸಂಕಟ ಆಯಿತು. ಸುಮ್ನೆ ಒಬ್ಬರನ್ನು ಮೂರು ದಿನ ಅನುಮಾನಿಸಿದ್ದೆ ಅಲ್ವಾ? ಕ್ಷಮೆ ಕೇಳಿದೆ. ದುಡ್ಡು ಅವರಿಗೆ ವಾಪಸ್ ಹೋಯಿತು, ಹೋಗಬೇಕಾದ್ದೇ.

ಕೊರಿಯರ್‌ನವರು ಮಾತ್ರ ಕ್ಲೇಮ್ ತಳ್ಳಿಹಾಕಿದರು. ದಾಖಲೆಯಲ್ಲಿ ಡೆಲಿವರಿ ಆದ ಪಾರ್ಸಲ್ ಕಳೆದಿದ್ದು ಅಂತ ಲೆಕ್ಕಕ್ಕೆ ಬರುವುದಿಲ್ಲವಂತೆ. ಒಪ್ಪಿದ್ದರೂ ಸಿಗುತ್ತಿದ್ದುದು ಕಮ್ಮಿಯೇ. ಬುಕಿಂಗ್‌ನಲ್ಲಿ ಸಾಮಾನಿನ ಬೆಲೆ ಬರೆಯುವ ಜಾಗ ಖಾಲಿ ಬಿಟ್ಟಿದ್ದೆ. ಬೆಲೆ ಬರೆದು ಇನ್ಶೂರೆನ್ಸ್ ಮಾಡಿಸದಿದ್ದರೆ ಎಷ್ಟೋ ಕೊರಿಯರ್‌ಗಳು ತಮ್ಮ ನಿಯಮದಲ್ಲಿರುವ ಸಣ್ಣ ಮಿತಿಯಷ್ಟೇ ಕೊಡುತ್ತವೆ. ಅದೂ ಕ್ಲೇಮ್ ಹಾಕುವ ದಿನ ಮೀರದಿದ್ದರೆ.

ಇಷ್ಟಾದ ಮೇಲೆ ಪ್ರೂಫ್‌ಗಳ ಬಗ್ಗೆ ಓದಿದೆ, ನಾಲ್ಕಾರು ಕೊರಿಯರ್‌ಗಳನ್ನು ವಿಚಾರಿಸಿದೆ. ಸಹಿ ಅಂದರೆ ಗಟ್ಟಿ ಅಂದುಕೊಂಡಿದ್ದೆ. ಆದರೆ 2020ರಲ್ಲಿ ಕೊರೊನಾ ಬಂದಾಗ ಜಗತ್ತಿನ ಎಷ್ಟೋ ಕೊರಿಯರ್‌ಗಳು ಕೈಯಿಂದ ಸಹಿ ಪಡೆಯುವುದನ್ನು ನಿಲ್ಲಿಸಿದವು. ಫೋಟೋ ತೆಗೆದು ಬಿಟ್ಟುಹೋಗುವ ಅಭ್ಯಾಸ ಆಗಿನಿಂದ ಜಾಸ್ತಿ ಆಯಿತು. ಫೋಟೋದಲ್ಲಿ ಮನೆ ನಂಬರ್ ಮತ್ತು ಪಾರ್ಸಲ್ ಮೇಲಿನ ಚೀಟಿ ಎರಡೂ ಕಂಡರೆ ಬೆಲೆಯಿದೆ. ಜಿಪಿಎಸ್ ಗುರುತು ಇದ್ದರೆ ಇನ್ನೂ ಒಳ್ಳೆಯದು. ಆದರೂ ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಯಾವ ಮಹಡಿ ಅಂತ ಅದು ಹೇಳಲಾರದು.

ನನ್ನ ಮಟ್ಟಿಗೆ ಓಟಿಪಿ ಎಲ್ಲಕ್ಕಿಂತ ಗಟ್ಟಿ. ಅದಕ್ಕೂ ಒಂದು ತೂತಿದೆ. ಡೆಲಿವರಿ ಹುಡುಗ ಮುಂಚೆಯೇ ಫೋನ್ ಮಾಡಿ ಓಟಿಪಿ ಕೇಳಿದರೆ ಜನ ಹೇಳಿಬಿಡುತ್ತಾರೆ. ಅದಕ್ಕೆ ಈಗ ಪ್ರತಿ ಆರ್ಡರ್‌ಗೂ ಕೊಂಡವರಿಗೆ ಮೊದಲೇ ಬರೆಯುತ್ತೇನೆ: “ಬಾಕ್ಸ್ ಕೈಗೆ ಬರುವ ತನಕ ಓಟಿಪಿ ಹೇಳಬೇಡಿ.”

ನೀವು ದುಡ್ಡು ಪಡೆಯುವ ಕಂಪನಿ ಯಾವ ಪ್ರೂಫ್ ಒಪ್ಪುತ್ತದೆ ಅಂತಲೂ ನೋಡಿಕೊಳ್ಳಿ. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಉದಾಹರಣೆಗೆ, ಪೇಪಾಲ್‌ನ ಸೆಲ್ಲರ್ ಪ್ರೊಟೆಕ್ಷನ್‌ನಲ್ಲಿ (ತಕರಾರು ಬಂದಾಗ ಮಾರುವವರಿಗೆ ಕೊಡುವ ರಕ್ಷಣೆ) 750 ಅಮೆರಿಕನ್ ಡಾಲರ್ ಮುಟ್ಟಿದ ವ್ಯವಹಾರಕ್ಕೆ ಸಹಿ ಕೇಳುತ್ತಾರೆ. ಅಲ್ಲಿ ಬರೀ ‘ಡೆಲಿವರ್ಡ್’ ಸಾಲದು. ಕಾರ್ಡ್‌ನಲ್ಲಿ ಕೊಂಡವರಿಗೆ ತಕರಾರು ಎತ್ತಲು ಎಷ್ಟೋ ಸಂದರ್ಭಗಳಲ್ಲಿ 120 ದಿನದವರೆಗೆ ಅವಕಾಶ ಇರುತ್ತದೆ. ಅಷ್ಟು ದಿನ ಕೊರಿಯರ್‌ನ ಟ್ರ್ಯಾಕಿಂಗ್ ಪುಟ ಹಾಗೇ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಡೆಲಿವರಿ ಆದ ದಿನವೇ ಪಿಒಡಿ ಇಳಿಸಿಕೊಂಡು ಇಟ್ಟುಕೊಳ್ಳಿ. ಬುಕಿಂಗ್ ರಶೀದಿ ನುಣ್ಣನೆಯ ಥರ್ಮಲ್ ಕಾಗದದ್ದಾದರೆ ಅವತ್ತೇ ಫೋಟೋ ತೆಗೆಯಿರಿ, ಕೆಲವು ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಪ್ಯಾಕ್ ಮಾಡುವಾಗ ವಿಡಿಯೋ ಮಾಡಿ. ಸಾಮಾನು ಒಳಗೆ ಹೋಗುವುದು, ಚೀಟಿ, ತಕ್ಕಡಿಯ ಮೇಲಿನ ತೂಕ, ಎಲ್ಲ ಒಂದೇ ಓಟದಲ್ಲಿ ಬರಲಿ.

ಹೊಸ ಕೊರಿಯರ್ ಹಿಡಿಯುವ ಮುಂಚೆ ಸ್ನೇಹಿತರ ಮನೆಗೆ ಒಂದು ಚಿಕ್ಕ ಪಾರ್ಸಲ್ ಕಳಿಸಿ, ಆಮೇಲೆ ಅದರ ಪಿಒಡಿ ಕೇಳಿ. ಎಷ್ಟು ಹೊತ್ತಿಗೆ ಕೊಡುತ್ತಾರೆ, ಅದರಲ್ಲಿ ಏನಿದೆ ನೋಡಿ. ನಾನು ಹಾಗೆ ಮೂರು ಕಡೆ ಮಾಡಿದೆ. ಒಬ್ಬರದು ಅವತ್ತೇ ಬಂತು, ಇನ್ನೊಬ್ಬರು ವಾರ ಎಳೆದರು, ಮೂರನೆಯವರು ಕೊಡಲೇ ಇಲ್ಲ.

ಈಗಾಗಲೇ ನನ್ನಂತೆ ಸಿಕ್ಕಿಹಾಕಿಕೊಂಡಿದ್ದರೆ ಕಾಯುತ್ತಾ ಕೂರಬೇಡಿ. ಕೊಂಡವರಿಂದ ಬಾಗಿಲಿನ ಫೋಟೋ ಇವತ್ತೇ ತರಿಸಿಕೊಳ್ಳಿ. ಕೊರಿಯರ್‌ನವರಿಗೆ ದೂರನ್ನು ಬರಹದಲ್ಲೇ ಕೊಡಿ, ಪಾರ್ಸಲ್ ಹಂಚಿದ ಬ್ರ್ಯಾಂಚ್ ಯಾವುದು ಅಂತ ಕೇಳಿ ನೇರ ಅಲ್ಲಿಗೇ ಮಾತಾಡಿ. ಹುಡುಗನಿಗೆ ಒಂದೆರಡು ದಿನ ಯಾವ ಬಾಗಿಲು ಅಂತ ನೆನಪಿರುತ್ತದೆ, ವಾರ ಕಳೆದರೆ ಇರುವುದಿಲ್ಲ. ದೂರಿನ ನಂಬರ್ ಬರೆದುಕೊಳ್ಳದೆ ಫೋನ್ ಇಡಬೇಡಿ.