ಮೊದಲು ಡಾಂಬರೋ, ಮೊದಲು ಪೈಪೋ?

ಬೆಂಗಳೂರಿನ ಅಂಚಿನ ಬಡಾವಣೆಯವರು ಕೇಳಿದ್ದೀರಿ: ಈಗಲೇ ಡಾಂಬರು ಹಾಕಿಸೋದಾ, ಪೈಪ್ ಕೆಲಸ ಮುಗಿಯಲಿ ಅಂತ ಕಾಯೋದಾ, ಇಲ್ಲಾ ನಗರದ ಮಧ್ಯದಲ್ಲಿ ಹೊಸ ವಿನ್ಯಾಸದಲ್ಲಿ ಕಟ್ಟಿದ ಟೆಂಡರ್‌ಶ್ಯೂರ್ ರಸ್ತೆಗಳ ಹಾಗೆ ಫುಟ್‌ಪಾತ್ ಕೆಳಗೆ ಡಕ್ಟ್ (ಕೇಬಲ್ ಹಾಯಿಸುವ ಕೊಳವೆ ದಾರಿ) ಕೂರಿಸೋದಾ?

ಸದ್ಯಕ್ಕೆ ಖರ್ಚು ಕಮ್ಮಿ ಬರೋದು ಡಾಂಬರಿಗೆ, ಜಾಸ್ತಿ ಡಕ್ಟ್‌ಗೆ. ಆದರೆ ನೀರಿನ ಪೈಪು, ಒಳಚರಂಡಿ ಬಂದಾಗ ಅದೇ ಡಾಂಬರು ಅಗೆಯಬೇಕು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳನ್ನೇ ನೋಡಿ. ಮನೆಗಳು ಎದ್ದು ಎಷ್ಟೋ ವರ್ಷ ಆದಮೇಲೆ, 2024ರ ಅಕ್ಟೋಬರ್‌ನಲ್ಲಿ ಈ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು. ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಅದು.

ಬಾಳಿಕೆಯೇ ನನಗೆ ಮುಖ್ಯ ಅನ್ನಿಸುತ್ತೆ. ಅಗೆದ ಗುಂಡಿಗೆ ಪದರ ಪದರವಾಗಿ ಮಣ್ಣು ತುಂಬಿ ದಮ್ಮಸ್ಸು ಮಾಡದಿದ್ದರೆ ಮೊದಲ ಮಳೆಗೇ ಕುಸಿಯುತ್ತೆ. ನೀರು ನಿಲ್ಲುತ್ತೆ, ಅಂಚಿನ ಡಾಂಬರೂ ಕಿತ್ತು ಬರುತ್ತೆ. ಡಕ್ಟ್ ಇದ್ದರೆ ಚೇಂಬರ್ ಮುಚ್ಚಳ ತೆಗೆದು ಕೇಬಲ್ ಎಳೆದರೆ ಆಯಿತು. ಒಳಚರಂಡಿ ಮಾತ್ರ ಇಳಿಜಾರಿನಲ್ಲಿ, ನೀರಿನ ಪೈಪಿಗಿಂತ ಆಳದಲ್ಲಿ ಹೋಗಬೇಕು. ಹಾಗಾಗಿ ಯಾವ ದಾರಿ ಹಿಡಿದರೂ ಅದರ ಕೆಲಸ ಮೊದಲು.

ಒಂದೆರಡು ವರ್ಷದಲ್ಲಿ ಪೈಪ್ ಬರೋದು ಖಚಿತವಾದರೆ ಜಲ್ಲಿ ಹಾಕಿ ರೋಲರ್ ಹೊಡೆಸಿ ಕಾಯಿರಿ. ಪೈಪ್ ಆಗಲೇ ಬಂದಿದ್ದು, ಗಲ್ಲಿ ಕಿರಿದಾಗಿದ್ದರೆ ಡಾಂಬರು ಸಾಕು. ಅಂಗಡಿ, ಆಫೀಸು ಬೆಳೆಯುತ್ತಿರುವ ಅಗಲ ರಸ್ತೆಗೆ ಡಕ್ಟ್ ಕೇಳಿ. ಜಲಮಂಡಳಿ, ಬೆಸ್ಕಾಂ ಎಂಜಿನಿಯರುಗಳನ್ನು ಒಂದೇ ದಿನ ಕರೆಸಿ, ನಕ್ಷೆ ಮುಂದಿಟ್ಟು ಮಾತಾಡಿ.