ಕಾಂಚನಬುರಿಯ ಥಾಯ್ಲೆಂಡ್–ಬರ್ಮಾ ರೈಲ್ವೆ ಕೇಂದ್ರ: ಸೇತುವೆಗಿಂತ ಮೊದಲು ನೋಡಬೇಕಾದ ಸಂಗ್ರಹಾಲಯ

ಬ್ಯಾಂಕಾಕ್‌ನಿಂದ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿರುವ ಕಾಂಚನಬುರಿಗೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಕ್ವಾಯ್ ನದಿಯ ಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಆದರೆ ಸೇತುವೆಯನ್ನು ನೋಡಿದ ಮಾತ್ರಕ್ಕೆ ಎರಡನೇ ಮಹಾಯುದ್ಧದಲ್ಲಿ ಥಾಯ್ಲೆಂಡ್‌ನಿಂದ ಬರ್ಮಾಕ್ಕೆ ಹಾಕಿದ ಆ ರೈಲು ಮಾರ್ಗಕ್ಕೆ ತೆತ್ತ ಬೆಲೆ ಏನೆಂದು ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ರೈಲು ನಿಲ್ದಾಣದಿಂದ ಕಾಲ್ನಡಿಗೆಯಲ್ಲೇ ತಲುಪಬಹುದಾದ, ಯುದ್ಧ ಸ್ಮಶಾನದ ಪಕ್ಕದಲ್ಲಿರುವ ಈ ಪುಟ್ಟ ಖಾಸಗಿ ಸಂಗ್ರಹಾಲಯಕ್ಕೆ ಮೊದಲು ಹೋಗಬೇಕು.

ಅಲ್ಲಿನ ಯುದ್ಧ ಸ್ಮಶಾನಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಆಸ್ಟ್ರೇಲಿಯಾದ ರಾಡ್ ಬೀಟಿ ಅವರು ಇದನ್ನು 2003ರಲ್ಲಿ ಸ್ಥಾಪಿಸಿದರು. ಕಾಡು ನುಂಗಿದ್ದ ಹಳಿಯ ಜಾಡನ್ನು ಸ್ವತಃ ನಡೆದು ಹುಡುಕಿದವರ ಶ್ರದ್ಧೆ ಪ್ರದರ್ಶನದುದ್ದಕ್ಕೂ ಎದ್ದು ಕಾಣುತ್ತದೆ. 1942ರಲ್ಲಿ ಜಪಾನಿ ಸೇನೆ ಆರಂಭಿಸಿದ 415 ಕಿಲೋಮೀಟರ್ ಮಾರ್ಗದ ಎರಡು ತುದಿಗಳು 1943ರ ಅಕ್ಟೋಬರ್‌ನಲ್ಲಿ ಕೂಡಿದವು. ಅದಕ್ಕಾಗಿ ದುಡಿಸಿಕೊಂಡ 60,000ಕ್ಕೂ ಹೆಚ್ಚು ಮಿತ್ರರಾಷ್ಟ್ರಗಳ ಯುದ್ಧಕೈದಿಗಳ ಪೈಕಿ 12,000ಕ್ಕೂ ಹೆಚ್ಚು ಮಂದಿ ಕಾಲರಾ, ಆಮಶಂಕೆ, ಮಲೇರಿಯಾ, ಹಸಿವು ಮತ್ತು ಹೊಡೆತಗಳಿಗೆ ಬಲಿಯಾದರು. ಭಾವಾವೇಶಕ್ಕೆ ಎಡೆಗೊಡದೆ ನಕ್ಷೆ, ಮಾದರಿ ಮತ್ತು ದಾಖಲೆಗಳ ಮೂಲಕವೇ ಇದನ್ನೆಲ್ಲ ನಿರೂಪಿಸಿರುವುದು ಈ ಸಂಗ್ರಹಾಲಯದ ದೊಡ್ಡ ಗುಣ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಸರಕು ಸಾಗಣೆಯ ಬೋಗಿ. ಸಿಂಗಾಪುರದಿಂದ ಥಾಯ್ಲೆಂಡಿನ ಬಾನ್ ಪಾಂಗ್‌ವರೆಗೆ ಕೈದಿಗಳನ್ನು ಇಂಥ ಉಕ್ಕಿನ ಡಬ್ಬಿಗಳಲ್ಲಿ, ಒಂದೊಂದರಲ್ಲೂ ಸುಮಾರು ಮೂವತ್ತು ಜನರಂತೆ ತುಂಬಿ, ನಾಲ್ಕೈದು ದಿನ ಸಾಗಿಸಲಾಗಿತ್ತು. ಹಗಲು ಕಾದು ಕೆಂಡವಾಗುವ, ರಾತ್ರಿ ಕೊರೆಯುವ ಆ ತಗಡಿನ ಗೋಡೆಗಳ ನಡುವೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುವುದಕ್ಕೂ ಜಾಗವಿರಲಿಲ್ಲ ಎಂಬುದು ಬೋಗಿಯ ಅಗಲವನ್ನು ಕಣ್ಣಾರೆ ಕಂಡಾಗ ಮನಸ್ಸಿಗೆ ನಾಟುತ್ತದೆ. ವೈದ್ಯಕೀಯ ವಿಭಾಗ ಇನ್ನೂ ಕಠಿಣವಾಗಿದೆ. ಚಿಕ್ಕ ಮಕ್ಕಳಿಗೆ ಅದು ತಕ್ಕುದಲ್ಲ.

ಹೆಚ್ಚಾಗಿ ಕೇಳಿಬರುವುದು ಮಿತ್ರರಾಷ್ಟ್ರಗಳ ಸೈನಿಕರ ಹೆಸರಾದರೂ ಸತ್ತವರಲ್ಲಿ ಬಹುಪಾಲು ಏಷ್ಯಾದ ಕೂಲಿಗಳೇ. ಮಲಯಾದ ರಬ್ಬರ್ ತೋಟಗಳಿಂದ ಒಯ್ದ ತಮಿಳರೂ ಸೇರಿದಂತೆ ಅವರಲ್ಲಿ ಸುಮಾರು 90,000 ಮಂದಿ ಸತ್ತರೆಂಬ ಅಂದಾಜಿದೆ. ಕೈದಿಗಳಿಗೆ ದಂಡಿನ ಪಟ್ಟಿಗಳಿದ್ದವು, ಲೆಕ್ಕವಿಟ್ಟ ಅಧಿಕಾರಿಗಳಿದ್ದರು. ಕೂಲಿಗಳಿಗೆ ಅದಾವುದೂ ಇರಲಿಲ್ಲವಾದ್ದರಿಂದ ಅವರ ಪಾಲಿಗೆ ಸಂಖ್ಯೆ ಮಾತ್ರ ಉಳಿದಿದೆ, ಹೆಸರುಗಳಿಲ್ಲ. ಭಾರತದಿಂದ ಹೋದವರು ಈ ಭಾಗವನ್ನು ಅವಸರದಲ್ಲಿ ದಾಟಬಾರದೆಂದು ನನ್ನ ವಿನಂತಿ.

ಮಹಡಿಯ ಕಾಫಿ ಕೊಠಡಿಯ ಕಿಟಕಿಯಿಂದ ಸ್ಮಶಾನ ಪೂರ್ತಿಯಾಗಿ ಕಾಣುತ್ತದೆ. ಸುಮಾರು 7,000 ಸಮಾಧಿಗಳಿರುವ ಅದಕ್ಕೆ ಪ್ರವೇಶಧನವಿಲ್ಲ. ತಗ್ಗಾದ ಕಲ್ಲುಗಳ ಮೇಲಿನ ಕಂಚಿನ ಫಲಕಗಳಲ್ಲಿ ಹೆಸರು, ದಳ, ವಯಸ್ಸು, ಕೆಲವೆಡೆ ಮನೆಯವರು ಬರೆಸಿದ ಒಂದು ಸಾಲು, ನಡುನಡುವೆ ಹೂಗಿಡಗಳು. ಪ್ರವೇಶದ್ವಾರದ ಕಟ್ಟಡದಲ್ಲಿ ಅವಿಭಜಿತ ಭಾರತದ ಸೇನೆಯ 11 ಯೋಧರ ಹೆಸರುಗಳಿವೆ. ಥಾಯ್ಲೆಂಡಿನ ಮುಸ್ಲಿಂ ಖಬರಸ್ತಾನಗಳಲ್ಲಿ ಹೂಳಿದ್ದ ಅವರ ಗೋರಿಗಳನ್ನು ಉಳಿಸಿಕೊಳ್ಳಲು ಸಾಧ್ಯವಾಗದೆ ಇಲ್ಲಿ ಕೆತ್ತಿಸಲಾಗಿದೆ. ಒಳಗೆ ಹೋಗುವ ಆತುರದಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ.

ಸಂಗ್ರಹಾಲಯಕ್ಕೆ ಕನಿಷ್ಠ ಎರಡು ಗಂಟೆ ಬೇಕು, ವಿವರಣೆಗಳನ್ನೆಲ್ಲ ಓದುವವರಿಗೆ ಇನ್ನೂ ಹೆಚ್ಚು. ಬೆಳಿಗ್ಗೆ ಇದನ್ನೂ ಸ್ಮಶಾನವನ್ನೂ ಮುಗಿಸಿ, ಆಮೇಲೆ ಸೇತುವೆಗೆ ಹೋಗಿ, ಸಮಯವಿದ್ದರೆ ನಾಮ್ ಟೋಕ್ ಕಡೆಗಿನ ರೈಲು ಹತ್ತುವುದು ಸರಿಯಾದ ಕ್ರಮ. ಬಂಡೆಗೆ ಅಂಟಿಕೊಂಡಂತೆ ಸಾಗುವ ವಾಂಪೊ ಮರದ ಸೇತುವೆಯ ಮೇಲೆ ಅದು ಇಂದಿಗೂ ಓಡುತ್ತದೆ.